ಗೋಡೆಯಾಚೆಯ ಬಾಯ್ಲರು

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಪ್ರಯೋಗಶಾಲೆಯ ಉಗ್ರಾಣ ನೋಡಿಕೊಳ್ಳುವ ಹಿರಿಯರು. ಎಲ್ಲರ ಬಾಯಲ್ಲೂ ಅವರು ಉಗ್ರಾಣದ ಮಾವ. ಹೇಳಿದ್ದು ಹೋದ ವರ್ಷ, ನಾವು ಹನ್ನೊಂದು ಜನ ಹೊಸಬರು ಸಂಶೋಧನೆಗೆ ಸೇರಿದ ಮೊದಲ ವಾರ, ಗುರುವಾರ ಸಂಜೆ ಚಹಾದ ಹೊತ್ತಿನಲ್ಲಿ.

ಆ ಹೊತ್ತಿಗೆ ನಾವು ಒಬ್ಬರನ್ನೊಬ್ಬರು ತೂಗಿ ನೋಡುತ್ತಿದ್ದೆವು. ಯಾರದು ಎಷ್ಟು ಪ್ರಬಂಧ, ಅದನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬ ಮಾತು. ಒಬ್ಬ ಫೋನು ತೆಗೆದು ತನ್ನ ನಾಲ್ಕು ಉಲ್ಲೇಖ ತೋರಿಸಿದ. ಇನ್ನೊಬ್ಬಳದು ಒಂಬತ್ತು. "ಅದರಲ್ಲಿ ಮೂರು ಇವಳೇ ಇವಳನ್ನ ಹೊಗಳಿಕೊಂಡಿದ್ದು" ಎಂದು ಪಕ್ಕದವನು ಕಾಲೆಳೆದ.

ಮಾವ ಲೋಟ ಕೆಳಗಿಟ್ಟು ಕೇಳಿದರು, "ಎಲ್ಲರದ್ದೂ ಕೂಡಿಸಿದ್ರೆ ಎಷ್ಟಾಗುತ್ತಪ್ಪಾ?"

ಮೂವತ್ತೊಂದು ಎಂದೆವು.

"ಈ ಪ್ರಯೋಗಶಾಲೆ ನಡೆಸೋ ನಮ್ಮ ಮೇಡಂದು ಒಂದೇ ಪ್ರಬಂಧಕ್ಕೆ ಸಾವಿರದ ಆರುನೂರ ಎಂಬತ್ತೆಂಟು. ತಾಳಿ, ಅದರ ಪೆಟ್ಟಿಗೆ ತರ್ತೀನಿ."

ಮರದ ಪೆಟ್ಟಿಗೆ ಬಂತು. ಒಳಗೆ ಮುರಿದ ಉಕ್ಕಿನ ತುಂಡುಗಳು, ಕಂದು ರಟ್ಟಿನ ಒಂದು ಪುಸ್ತಕ, ದಾರ ಕಟ್ಟಿದ ಪತ್ರಗಳು. ಮುಚ್ಚಳದ ಒಳಗೆ ಮೇಡಂ ಅವರದೇ ಕೈಬರಹ: "ಪ್ರಯೋಗದ ದಾಖಲೆ. ಯಾರು ಬೇಕಾದರೂ ಓದಬಹುದು."

ಮಾವ ಮೊದಲು ಇಷ್ಟು ಹೇಳಿದರು. ಇಪ್ಪತ್ತು ವರ್ಷಕ್ಕೂ ಹಿಂದೆ ಮೇಡಂ ಇದೇ ಹಜಾರದಲ್ಲಿ, ಇದೇ ಎಳೆಯುವ ಯಂತ್ರದಲ್ಲಿ, ಬಿರುಕು ಬಿಟ್ಟ ಬೆಸುಗೆಗಳನ್ನು ಎಳೆದು ಮುರಿದು ಒಂದು ನಿಯಮ ಬರೆದರು. ಕ್ರೇನು, ಸೇತುವೆಗಳಿಗೆ ಬಳಸುವ ಒಂದು ಬಗೆಯ ಉಕ್ಕಿನ ಬೆಸುಗೆಯಲ್ಲಿ ಬಿರುಕು ಆರು ಮಿಲಿಮೀಟರಿಗಿಂತ ಚಿಕ್ಕದಿದ್ದರೆ ಮುಂದಿನ ರಿಪೇರಿಯವರೆಗೆ ಬಿಡಬಹುದು, ಮುರಿಯುವುದಿಲ್ಲ ಎಂದು. ಯಂತ್ರ ನಡೆಸಿದವನು ಅವರ ಸ್ವಂತ ತಮ್ಮ. ಎರಡು ವರ್ಷ ಒಂದೊಂದು ತುಂಡನ್ನೂ ಅವನೇ ಸಿಕ್ಕಿಸಿ, ಅವನೇ ಮುರಿದ. ಪ್ರಬಂಧ ಅಚ್ಚಾಗಿ ಬಂದಾಗ ಅದರಲ್ಲಿ ಎಲ್ಲರಿಗೂ ಕೃತಜ್ಞತೆ ಇತ್ತು, ಉಕ್ಕು ಕೊಟ್ಟ ಕಾರ್ಖಾನೆಗೂ ಇತ್ತು. ತಮ್ಮನ ಹೆಸರು ಇರಲಿಲ್ಲ. ಅವನು ಏನೂ ಕೇಳಲಿಲ್ಲ. ನದಿ ಬಂದರಿನಲ್ಲಿ ಕ್ರೇನು ತಪಾಸಣೆಯ ಕೆಲಸ ಹಿಡಿದು ಹೊರಟುಹೋದ. ಅಲ್ಲಿಂದ ಮುಂದೆ ಅಕ್ಕ ತಮ್ಮನ ನಡುವೆ ಮಾತಿಲ್ಲ, ಕಾಗದವಿಲ್ಲ.

"ಹದಿನೆಂಟು ವರ್ಷ ಆದಮೇಲೆ ಬಂದ ಮೊದಲನೇ ಕಾಗದ ಇದು" ಎಂದು ಮಾವ ದಾರ ಬಿಚ್ಚಿದರು.

*

ಸೆಪ್ಟೆಂಬರ್ 12

ಅಕ್ಕನವರಿಗೆ ನಮಸ್ಕಾರ.

ನಾವು ಚೆನ್ನಾಗಿದ್ದೇವೆ. ಫೋನು ಮಾಡಬಹುದಿತ್ತು. ಫೋನಿನಲ್ಲಾದರೆ ನನಗೆ ಸಿಟ್ಟು ಬಂದುಬಿಡುತ್ತದೆ, ಆಮೇಲೆ ಕೇಳಬೇಕಾದ್ದು ಕೇಳದೆ ಉಳಿಯುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಹೋದ ಜನವರಿಯಲ್ಲಿ ನಮ್ಮ ಬಂದರಿನ ಸಣ್ಣ ಕ್ರೇನು ಮುರಿಯಿತು. ಅಡ್ಡತೊಲೆಯ ಬೆಸುಗೆಯಲ್ಲಿ ನಾಲ್ಕು ಮಿಲಿಮೀಟರ್ ಬಿರುಕಿತ್ತು. ನಾನೇ ಅಳೆದದ್ದು, ನಾನೇ "ಬಿಡಬಹುದು" ಎಂದು ಸಹಿ ಹಾಕಿದ್ದು. ಆರಕ್ಕಿಂತ ಕಡಿಮೆ ಇತ್ತಲ್ಲ. ಬೆಳಿಗ್ಗೆ ಏಳು ಗಂಟೆಗೆ, ಕೊಳವೆಗಳ ಕಟ್ಟು ಎತ್ತುವಾಗ, ಪಟ್ ಎಂದು ಒಂದೇ ಸದ್ದು. ಕಟ್ಟು ಕೆಳಗಿದ್ದ ಲಾರಿಯ ಮೇಲೆ ಬಿತ್ತು. ಡ್ರೈವರು ಚಹಾಕ್ಕೆ ಹೋಗಿದ್ದರಿಂದ ಉಳಿದ.

ಮುರಿದ ಮುಖ ನೋಡಿದೆ. ನಾವು ಅಲ್ಲಿ ಮುರಿದ ತುಂಡುಗಳು ನಿಮಗೆ ನೆನಪಿರಬಹುದು. ಬೂದಿ ಬಣ್ಣ, ಹರಿದ ಹಗ್ಗದ ತುದಿಯ ಹಾಗೆ ನಾರು ನಾರು. ಇದು ಹಾಗಿರಲಿಲ್ಲ. ಸಕ್ಕರೆ ಹರಳಿನ ಹಾಗೆ ಮಿಣಮಿಣ ಹೊಳೆಯುತ್ತಿತ್ತು. ಜಗ್ಗದೆ ಮುರಿದ ಉಕ್ಕು ಹಾಗೆ ಹೊಳೆಯುತ್ತದೆ ಎಂದು ಹೇಳಿಕೊಟ್ಟವರು ನೀವೇ.

ಅಂದಿನಿಂದ ಒಂದೇ ಯೋಚನೆ. ಯಂತ್ರದ ಹಿಂದಿನ ಗೋಡೆಯಾಚೆ ಹಾಸ್ಟೆಲಿನ ಬಟ್ಟೆ ಒಗೆಯುವ ಮನೆ, ಅದರ ಬಾಯ್ಲರು. ಹೊರಗೆ ಹಲ್ಲು ಕಡಿಯುವ ಚಳಿ ಇರುವಾಗಲೂ ನಾನು ಬನಿಯನ್ನಿನಲ್ಲಿ ಕೆಲಸ ಮಾಡುತ್ತಿದ್ದೆ. ಒದ್ದೆ ಅಂಗಿಯನ್ನು ಯಂತ್ರದ ಕಂಬಿಗೆ ಹಾಕಿದರೆ ಮಧ್ಯಾಹ್ನಕ್ಕೆ ಒಣಗುತ್ತಿತ್ತು. ನಿಮ್ಮ ಪ್ರಬಂಧದಲ್ಲಿ "ಕೋಣೆಯ ಉಷ್ಣತೆಯಲ್ಲಿ ಪರೀಕ್ಷಿಸಲಾಯಿತು" ಎಂದಿದೆ. ಆ ಕೋಣೆ ಎಷ್ಟು ಬಿಸಿ ಇತ್ತು?

ಇಲ್ಲಿ ದೊಡ್ಡ ಕ್ರೇನು ಒಂದಿದೆ. ದೊಡ್ಡಮ್ಮ ಅನ್ನುತ್ತಾರೆ. ಅವಳ ತೊಲೆಯಲ್ಲಿ ಈಗ ಐದೂಕಾಲು ಮಿಲಿಮೀಟರ್ ಬಿರುಕಿದೆ. ರಿಪೇರಿ ಏಪ್ರಿಲ್‌ನಲ್ಲಿ. ನಡುವೆ ಚಳಿಗಾಲವಿದೆ.

ನಿಮ್ಮ ತಮ್ಮ

*

ಸೆಪ್ಟೆಂಬರ್ 25

ತಮ್ಮನಿಗೆ,

ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಒಡೆದೆ. ಓದಿದ ಮೇಲೆ ನಗು ಬಂತು. ನಾನು ನಿನಗೆ "ನೀವು" ಆದದ್ದು ಯಾವಾಗ? ಜಡೆ ಹಿಡಿದು ಎಳೆಯುವಾಗ ಇಷ್ಟು ಮರ್ಯಾದೆ ಇರಲಿಲ್ಲ.

ನಿನ್ನ ಪ್ರಶ್ನೆ ಒಳ್ಳೆಯದೇ. ಆದರೆ ಒಣಗಿದ ಅಂಗಿ ಪುರಾವೆ ಅಲ್ಲ. ಬಿಸಿ ಎನ್ನುವುದು ಅಂಕಿಯೂ ಅಲ್ಲ. ನಿಮ್ಮ ಸಣ್ಣ ಕ್ರೇನಿನ ಬೆಸುಗೆಯೇ ಕೆಟ್ಟದಿದ್ದೀತು, ಹೊರೆಯೇ ಹೆಚ್ಚಾಗಿದ್ದೀತು. ಆ ಪ್ರಬಂಧವನ್ನು ಈವರೆಗೆ ಸಾವಿರದ ನಾನೂರ ಹನ್ನೆರಡು ಕಡೆ ಉಲ್ಲೇಖಿಸಿದ್ದಾರೆ. ತಪ್ಪಿದ್ದರೆ ಒಬ್ಬರಾದರೂ ಹೇಳುತ್ತಿದ್ದರು.

ಈಗ ಸ್ವಲ್ಪ ಗಡಿಬಿಡಿ. ಸಂಸ್ಥೆಗೆ ಹೊಸ ನಿರ್ದೇಶಕರ ಆಯ್ಕೆ ನಡೆದಿದೆ, ಪಟ್ಟಿಯಲ್ಲಿ ನಾವು ಮೂವರು ಉಳಿದಿದ್ದೇವೆ. ಡಿಸೆಂಬರಿನಲ್ಲಿ ಸಂದರ್ಶನ. ತೊಂಬತ್ತನಾಲ್ಕು ಪ್ರಬಂಧ, ಒಟ್ಟು ಮೂರು ಸಾವಿರದ ನೂರ ಇಪ್ಪತ್ತು ಉಲ್ಲೇಖ ಎಂದು ಪಟ್ಟಿ ಮಾಡಿ ಕೊಟ್ಟಿದ್ದೇನೆ. ಹತ್ತಿರ ಹತ್ತಿರ ಅರ್ಧ ಅದೊಂದರದೇ ಎಂಬುದು ನಾನೇ ಕೂಡಿಸುವಾಗ ಗೊತ್ತಾಯಿತು.

ನಿನ್ನ ಮಗಳು ಎಷ್ಟು ಎತ್ತರ ಆಗಿದ್ದಾಳೆ? ಏನು ಓದುತ್ತಿದ್ದಾಳೆ?

ಇಂತಿ,
ಅಕ್ಕ

*

ಇಲ್ಲಿ ಮಾವ ಓದುವುದು ನಿಲ್ಲಿಸಿದರು.

"ಆ ಕೊನೇ ಪ್ರಶ್ನೆಗೆ ಅವನು ಉತ್ತರ ಬರೀಲಿಲ್ಲ. ನೀವು ಕಾಯ್ತಾ ಕೂರಬೇಡಿ, ನಾನೇ ಹೇಳಿಬಿಡ್ತೀನಿ. ಅವಳು ಓದು ಮುಗಿಸಿ, ಕ್ರೇನು ನಡೆಸೋದು ಕಲಿತು, ಆ ಆಗಸ್ಟಿನಲ್ಲೇ ಬಂದರಿಗೆ ಸೇರಿದ್ದಳು. ಮೇಲೆ ಗೂಡಿನಲ್ಲಿ ಕೂರ್ತಾಳೆ ಅಂತ ಎಲ್ಲರೂ ಗುಬ್ಬಿ ಅಂತಿದ್ರು. ಯಾವ ಕ್ರೇನು ಅಂತ ಕೇಳಬೇಡಿ. ನಿಮಗೇ ಗೊತ್ತಾಗಿದೆ."

*

ಅಕ್ಟೋಬರ್ 6

ಅಕ್ಕಾ,

ಸರಿ, ನೀನು.

ಅಂಕಿ ಬೇಕು ಅಂದೆಯಲ್ಲ, ಅಂಕಿ ಇದೆ. ಕಂದು ರಟ್ಟಿನ ಪುಸ್ತಕ ನೆನಪಿದೆಯಾ? ಬೆಳಿಗ್ಗೆ ಯಂತ್ರ ಚಾಲೂ ಮಾಡುವ ಮೊದಲು ಗೋಡೆಯ ಪಾದರಸದ ಉಷ್ಣಮಾಪಕದಲ್ಲಿ ಅಂಕಿ ನೋಡಿ ಅಂದಿನ ತುಂಡಿನ ನಂಬರಿನ ಪಕ್ಕ ಬರೆಯುತ್ತಿದ್ದೆ. ಯಾರೂ ಬರೆ ಅಂದಿರಲಿಲ್ಲ, ಸುಮ್ಮನೆ ಅಭ್ಯಾಸ. ಕೆಲವು ಕಡೆ "ಇವತ್ತು ಸೆಕೆ, ಯಂತ್ರಕ್ಕೂ ಬನಿಯನ್ ಹಾಕಬೇಕು" ಅಂತಲೂ ಬರೆದಿದ್ದೇನೆ, ಬೈಯಬೇಡ. ನಾನು ಹೊರಡುವ ದಿನ ಆ ಪುಸ್ತಕವನ್ನು ಮುರಿದ ತುಂಡುಗಳ ಪೆಟ್ಟಿಗೆಯಲ್ಲೇ ಇಟ್ಟು ಬಂದೆ. ಉಗ್ರಾಣದಲ್ಲಿ ಕೇಳು.

ನಿನ್ನೆ ನಮ್ಮ ಮೇಲ್ವಿಚಾರಕರ ಹತ್ತಿರ ಹೋಗಿ ದೊಡ್ಡಮ್ಮನನ್ನು ನಿಲ್ಲಿಸಿ ಅಂದೆ. ನಿಲ್ಲಿಸಿದರೆ ಮೂರು ವಾರ ಬಂದರೇ ನಿಂತಹಾಗೆ. ಅವರು ಮೇಜಿನ ಖಾನೆಯಿಂದ ನಿನ್ನ ಪ್ರಬಂಧದ ಪ್ರತಿ ತೆಗೆದರು.

"ಇಲ್ಲಿ ನೋಡಯ್ಯಾ. ಆರು ಅಂತ ಬರೆದಿದೆಯೋ ಇಲ್ಲವೋ?"

"ಬರೆದಿದೆ ಸರ್."

"ನಿಂದು ಎಷ್ಟು?"

"ಐದೂಕಾಲು."

"ಸಾವಿರದ ನಾನೂರು ಜನ ಪಂಡಿತರು ಒಪ್ಪಿದ್ದಾರೆ. ನೀನೊಬ್ಬ ಬಣ್ಣ ಬಳಿಯೋನು ಒಪ್ಪಲ್ಲ. ನಾನು ಯಾರ ಮಾತು ಕೇಳಲಿ?"

ಬಣ್ಣ ಬಳಿಯೋನು ಅಂದದ್ದು ನಿಜವೇ. ಬೆಸುಗೆಗೆ ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಹಾಕಿದರೆ ಬಿರುಕು ಕೆಂಪು ಗೆರೆಯಾಗಿ ಮೇಲೆ ಬರುತ್ತದೆ. ದಿನಾ ಅದೇ ನನ್ನ ಕೆಲಸ. ಬರೆದವಳು ನಮ್ಮಕ್ಕ ಅಂತ ನಾನು ಹೇಳಲಿಲ್ಲ.

ಈ ಬೆಳಿಗ್ಗೆ ಹನ್ನೊಂದು ಡಿಗ್ರಿ ಇತ್ತು. ಪುಸ್ತಕ ಹುಡುಕು.

ತಮ್ಮ

*

"ಇದು ಬಂದ ಎರಡನೇ ದಿನ ಮೇಡಂ ಉಗ್ರಾಣಕ್ಕೆ ಬಂದರು" ಎಂದರು ಮಾವ. "ಈ ಪೆಟ್ಟಿಗೆ ಅಟ್ಟದ ಮೇಲಿತ್ತು. ಏಣಿ ಹಾಕಿ ಇಳಿಸಿದವನು ನಾನೇ. ಅಗೋ, ಆ ಸ್ಟೂಲಿನ ಮೇಲೆ ಕೂತರು. ಪುಸ್ತಕ ತೆಗೆದರು. ಒಂದೊಂದೇ ಹಾಳೆ ತಿರುಗಿಸಿದರು. ಒಂದು ಕಡೆ ಸಣ್ಣಗೆ ನಕ್ಕರು, ಬಹುಶಃ ಬನಿಯನ್ ಬಂತು. ಆಮೇಲೆ ನಗಲಿಲ್ಲ. ಪುಸ್ತಕ ಚೀಲಕ್ಕೆ ಹಾಕಿಕೊಂಡು, ಪೆಟ್ಟಿಗೆ ಮೇಲಿಡಿ ಅಂದರು. ಇಟ್ಟೆ. ಮುಂದಿನ ಕಾಗದ ಕೇಳಿ."

*

ಅಕ್ಟೋಬರ್ 15

ತಮ್ಮನಿಗೆ,

ಪೆಟ್ಟಿಗೆ ನೋಡಿದೆ. ಪುಸ್ತಕ ಸಿಗಲಿಲ್ಲ. ಹದಿನೆಂಟು ವರ್ಷದಲ್ಲಿ ಎರಡು ಸಲ ಸಾಮಾನು ಸ್ಥಳ ಬದಲಾಯಿಸಿದ್ದಾರೆ.

ಮೇಲ್ವಿಚಾರಕರ ಹತ್ತಿರ ಜಗಳ ಬೇಡ. ಹೊರೆ ಸ್ವಲ್ಪ ಕಡಿಮೆ ಎತ್ತುವಂತೆ ಹೇಳಿ ನೋಡು. ಸಂದರ್ಶನ ಮುಗಿಯಲಿ, ಜನವರಿಯಲ್ಲಿ ನಾನೇ ಹೊಸದಾಗಿ ಪರೀಕ್ಷೆ ಮಾಡಿಸುತ್ತೇನೆ.

ಅಕ್ಕ

*

ಅಕ್ಟೋಬರ್ 24

ಅಕ್ಕಾ,

ಸಿಗಲಿಲ್ಲ ಅಂದರೆ ಸಿಗಲಿಲ್ಲ, ಏನು ಮಾಡುವುದು.

ಹೊರೆ ಕಡಿಮೆ ಮಾಡಿ ಅಂದೆ. "ನಿಮ್ಮಪ್ಪನ ಮನೆ ಬಂದರಾ?" ಅಂದರು. ಪ್ರಬಂಧದ ಮೊದಲ ಹಾಳೆಯನ್ನು ದೊಡ್ಡದಾಗಿ ನಕಲು ಮಾಡಿಸಿ, ಆರು ಎಂಬಲ್ಲಿ ಕೆಂಪು ಸುತ್ತು ಹಾಕಿ, ತಪಾಸಣೆ ಕೋಣೆಯ ಗೋಡೆಗೆ ಅಂಟಿಸಿದ್ದಾರೆ. ನಾನು ಕೋಟು ನೇತುಹಾಕುವ ಮೊಳೆಯ ಪಕ್ಕಕ್ಕೇ. ದಿನಾ ನಿನ್ನ ಹೆಸರಿನ ಮೇಲೆ ನನ್ನ ಕೋಟು ಬೀಳುತ್ತದೆ.

ಬಿರುಕು ಈಗ ಐದೂವರೆ. ಮೇಲೆ ಕೂರುವವರಿಗೂ ಹೇಳಿದೆ. ಅವರು ನನಗಿಂತ ನಿನ್ನನ್ನೇ ಹೆಚ್ಚು ನಂಬುತ್ತಾರೆ.

ಜನವರಿ ಅಂದೆ. ಸಣ್ಣ ಕ್ರೇನು ಮುರಿದದ್ದೂ ಜನವರಿಯಲ್ಲೇ.

ತಮ್ಮ

*

ಇದಾದ ಮೇಲೆ ಇಪ್ಪತ್ನಾಲ್ಕು ದಿನ ಕಾಗದವಿಲ್ಲ. ಆ ದಿನಗಳಲ್ಲಿ ಮೇಡಂ ಹೇಗಿದ್ದರು ಎಂದು ನಮ್ಮಲ್ಲೊಬ್ಬಳು ಕೇಳಿದಳು.

"ಹೇಗಿರ್ತಾರೆ? ದಿನಾ ಬಂದರು, ಪಾಠ ಮಾಡಿದರು. ಒಂದು ಮಧ್ಯಾಹ್ನ ಯಂತ್ರದ ಹಿಂದಿನ ಗೋಡೆಗೆ ಕೈ ಇಟ್ಟುಕೊಂಡು ನಿಂತಿದ್ದು ನೋಡಿದೆ. ನನ್ನ ಕಂಡು ಕೈ ತೆಗೆದರು. ನಾನು ಆಗ ಬಾಯಿ ಬಿಡಬೇಕಿತ್ತು. ಪುಸ್ತಕ ಎಲ್ಲಿ ಹೋಯ್ತು ಮೇಡಂ ಅಂತ ಒಂದು ಮಾತು. ಬಿಡಲಿಲ್ಲ. ನನ್ನ ಪಾಲಿನ ತಪ್ಪು ಅದು. ಈಗ ಹುಡುಗಿ ಬರೆದದ್ದು ಓದ್ತೀನಿ."

*

ನವೆಂಬರ್ 17

ಅತ್ತೆಗೆ ನಮಸ್ಕಾರಗಳು.

ನಾನು ನಿಮ್ಮ ಸೋದರ ಸೊಸೆ. ನೀವು ನನ್ನನ್ನು ನೋಡಿದ್ದು ನಾನು ನಾಲ್ಕು ವರ್ಷದವಳಿದ್ದಾಗ. ನಿಮ್ಮ ಸೀರೆಗೆ ಶಾಯಿ ಚೆಲ್ಲಿದ್ದೆನಂತೆ, ಈಗ ಕ್ಷಮೆ ಕೇಳುತ್ತೇನೆ.

ಅಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ. ನಾನು ಇಲ್ಲಿ ದೊಡ್ಡಮ್ಮನನ್ನು ನಡೆಸುತ್ತೇನೆ. ನೂರ ಹನ್ನೆರಡು ಮೆಟ್ಟಿಲು ಹತ್ತಬೇಕು. ಮೇಲೆ ಹೋದರೆ ನದಿಯ ಎರಡೂ ತಿರುವು ಕಾಣುತ್ತವೆ. ಈ ಬಂದರಿನಲ್ಲಿ ಇವಳನ್ನು ನಡೆಸಿದ ಮೊದಲ ಹೆಂಗಸು ನಾನೇ.

ಬಿರುಕಿನ ವಿಷಯದಲ್ಲಿ ಅಪ್ಪನಿಗೂ ನನಗೂ ದಿನಾ ಜಗಳ. ಹತ್ತಬೇಡ ಅನ್ನುತ್ತಾರೆ. ಕಾರಣ ಕೇಳಿದರೆ ನಿಮ್ಮ ನಿಯಮ ಚಳಿಗೆ ಹೊಂದುವುದಿಲ್ಲ ಅನ್ನುತ್ತಾರೆ. ಪುರಾವೆ ಕೇಳಿದರೆ ಸುಮ್ಮನಾಗುತ್ತಾರೆ. ನಾನು ಹೇಳಿದೆ, "ಅಪ್ಪಾ, ನಿಮಗೆ ಅತ್ತೆ ಮೇಲೆ ಹಳೇ ಕೋಪ ಇದೆ, ಅದನ್ನ ನನ್ನ ಕ್ರೇನಿನ ಮೇಲೆ ತೀರಿಸಿಕೊಳ್ಳಬೇಡಿ" ಎಂದು. ಆ ಮಾತಿಗೆ ಅವರು ಎದ್ದುಹೋದರು. ಎರಡು ದಿನ ಊಟಕ್ಕೆ ಜೊತೆಗೆ ಕೂರಲಿಲ್ಲ.

ನಿಮ್ಮ ಪ್ರಬಂಧದ ಪ್ರತಿಯೊಂದನ್ನು ಮಡಚಿ ಕ್ರೇನಿನ ಗೂಡಿನಲ್ಲಿ ಇಟ್ಟುಕೊಂಡಿದ್ದೇನೆ. ಎಲ್ಲ ಅರ್ಥವಾಗುವುದಿಲ್ಲ. ಆದರೂ ಸಾವಿರದ ನಾನೂರಕ್ಕೂ ಹೆಚ್ಚು ಜನ ಒಪ್ಪಿದ್ದನ್ನು ನಮ್ಮತ್ತೆ ಬರೆದದ್ದು ಎಂದು ಹೆಮ್ಮೆ. ಈ ಬೆಳಿಗ್ಗೆ ಗೂಡಿನಲ್ಲಿ ಆರು ಡಿಗ್ರಿ ಇತ್ತು, ಬೆರಳು ಮರಗಟ್ಟಿತ್ತು. ಭಾರ ಎತ್ತುವಾಗ ತೊಲೆ ಒಂದು ಬಗೆಯ ಸದ್ದು ಮಾಡಿತು. ನಾನು ಆ ಹಾಳೆಯ ಮೇಲೆ ಕೈ ಇಟ್ಟುಕೊಂಡೆ, ಧೈರ್ಯ ಬಂತು.

ಬಿರುಕು ಐದೂಮುಕ್ಕಾಲು. ಇನ್ನೂ ಕಾಲು ಮಿಲಿಮೀಟರ್ ಇದೆಯಲ್ಲ.

ನಿಮ್ಮ ಸಹಿ ಇರುವ ಒಂದು ಪ್ರತಿ ಕಳಿಸಿಕೊಡುವಿರಾ?

ನಿಮ್ಮ ಪ್ರೀತಿಯ,
ಗುಬ್ಬಿ

*

ಮಾವ ಆ ಪತ್ರವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಒಬ್ಬರೂ ಚಹಾ ಮುಟ್ಟಿರಲಿಲ್ಲ.

"ಇದು ಬಂದದ್ದು ಇಪ್ಪತ್ತನೇ ತಾರೀಕು, ಬೆಳಿಗ್ಗೆ ಒಂಬತ್ತೂವರೆಗೆ. ಮೇಡಂ ಹಜಾರದಲ್ಲೇ ನಿಂತು ಓದಿದರು. ಓದಿ ಮುಗಿದದ್ದೇ ನನ್ನ ಮೇಜಿನ ಫೋನಿನಿಂದಲೇ ಬಂದರಿಗೆ ಮಾಡಿದರು. ಆ ಮೇಲ್ವಿಚಾರಕ, 'ನೀವು ಯಾರೋ ಏನೋ, ನನಗೇನು ಗೊತ್ತು. ಬರವಣಿಗೆಯಲ್ಲಿ ಕೊಡಿ, ಸಹಿ ಇರಲಿ' ಅಂದನಂತೆ. ತಮ್ಮ ಕೈಗೆ ಸಿಗಲಿಲ್ಲ, ತೊಲೆ ಮೇಲಿದ್ದ. ಮೇಡಂ ಅಲ್ಲೇ ಕೂತು ಎರಡು ಕಾಗದ ಬರೆದರು. 'ಮಾವ, ಬಂದರಿಗೆ ಬಸ್ಸು ಎಷ್ಟು ಹೊತ್ತಿಗೆ?' ಅಂದರು. ನಾನು ಅಂಗಿ ಮೇಲೆ ಕೋಟು ಹಾಕಿಕೊಂಡೆ."

*

ನವೆಂಬರ್ 20

ಬಂದರಿನ ಮೇಲ್ವಿಚಾರಕರಿಗೆ,

ಆರು ಮಿಲಿಮೀಟರಿನ ನಿಯಮವನ್ನು ಬರೆದವಳು ನಾನು. ಅದರ ಎಲ್ಲ ಪರೀಕ್ಷೆಗಳೂ ಮೂವತ್ತೆರಡರಿಂದ ಮೂವತ್ತಾರು ಡಿಗ್ರಿ ಬಿಸಿಯಲ್ಲಿ ನಡೆದವು. ಅದಕ್ಕಿಂತ ತಣ್ಣಗಿರುವಲ್ಲಿ ಆ ನಿಯಮಕ್ಕೆ ಯಾವ ಆಧಾರವೂ ಇಲ್ಲ. "ಕೋಣೆಯ ಉಷ್ಣತೆ" ಎಂದು ಬರೆದದ್ದು ನನ್ನ ತಪ್ಪು. ನಿಯಮವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ.

ನಿಮ್ಮ ದೊಡ್ಡ ಕ್ರೇನಿನ ಬಿರುಕು ಐದೂಮುಕ್ಕಾಲು ಮಿಲಿಮೀಟರ್ ಇದೆ, ಬೆಳಗಿನ ಚಳಿ ಆರು ಡಿಗ್ರಿ ಇದೆ ಎಂದು ನನಗೆ ತಿಳಿದಿದೆ. ಈ ಕಾಗದ ಓದಿದ ಮೇಲೆ ಆ ಕ್ರೇನು ಎತ್ತುವ ಪ್ರತಿಯೊಂದು ಹೊರೆಗೂ ನೀವೇ ಹೊಣೆ.

ಸಹಿ

*

ನವೆಂಬರ್ 20

ತಮ್ಮಾ,

ಪುಸ್ತಕ ಸಿಕ್ಕಿತ್ತು. ಅಕ್ಟೋಬರ್ ಹತ್ತರಿಂದ ನನ್ನ ಚೀಲದಲ್ಲೇ ಇದೆ. ನೂರ ನಲವತ್ತು ತುಂಡುಗಳಿಗೆ ನೂರ ನಲವತ್ತು ಅಂಕಿ, ಎಲ್ಲ ನಿನ್ನ ಅಕ್ಷರದಲ್ಲಿ. ಮೂವತ್ತೆರಡಕ್ಕಿಂತ ಕೆಳಗೆ ಒಂದೂ ಇಲ್ಲ.

ನಿನಗೆ ಸುಳ್ಳು ಬರೆದೆ. ಒಂದೆರಡು ತಿಂಗಳ ಮಾತು ಅಂದುಕೊಂಡೆ.

ಗುಬ್ಬಿಯನ್ನು ಇಳಿಸು. ಉಳಿದದ್ದಕ್ಕೆ ನನ್ನನ್ನು ಆಮೇಲೆ ಬೈ.

ಅಕ್ಕ

*

"ಬಸ್ಸು ನಾಲ್ಕು ಗಂಟೆ ಓಡಿತು. ನಾನು ಗೇಟಿನ ಹತ್ತಿರ ಇಳಿದಾಗ ದೊಡ್ಡಮ್ಮ ಭಾರ ಎತ್ತಿಕೊಂಡು ನಿಂತಿದ್ದಳು. ಎರಡು ಲಾರಿ ಉದ್ದದ ಯಂತ್ರದ ಪೆಟ್ಟಿಗೆ, ನೆಲದಿಂದ ನಾಲ್ಕಾಳು ಎತ್ತರದಲ್ಲಿ. ಮೇಲ್ವಿಚಾರಕ ಕಾಗದ ಎರಡು ಸಲ ಓದಿದ. 'ಸಾವಿರದ ನಾನೂರು ಜನ ಹೇಳಿದ್ದು ಸುಳ್ಳಾ ಹಾಗಾದ್ರೆ?' ಅಂದ. ನಾನು ಹೇಳಿದೆ, 'ಸ್ವಾಮಿ, ಅವರೆಲ್ಲ ಒಬ್ಬರನ್ನೊಬ್ಬರು ನೋಡಿ ಬರೆದುಕೊಂಡೋರು. ಮುರಿದು ನೋಡಿದೋರು ಇಬ್ಬರೇ. ಒಬ್ಬರು ಇದಕ್ಕೆ ಸಹಿ ಹಾಕಿದ್ದಾರೆ, ಇನ್ನೊಬ್ಬರು ಒಂದೂವರೆ ತಿಂಗಳಿಂದ ನಿಮ್ಮ ಮುಂದೆ ನಿಂತಿದ್ದಾರೆ.'

"ಅವನು ಕೆಟ್ಟವನಲ್ಲ. ಸಹಿ ಮೇಲೆ ಬೆರಳಾಡಿಸಿದ. ಆಮೇಲೆ ಕಿಟಕಿ ತೆರೆದು, ಕೈಯಲ್ಲಿದ್ದ ವಾಕಿಟಾಕಿಗೆ, 'ಗುಬ್ಬೀ, ಭಾರ ಇಳಿಸಮ್ಮಾ. ನಿಧಾನ. ತುಂಬಾ ನಿಧಾನ' ಅಂದ. ಭಾರ ಇಳೀತಾ ಇರೋ ಅಷ್ಟು ಹೊತ್ತೂ ಅವರಪ್ಪ ಕೆಳಗೆ ಕೈ ಕಟ್ಟಿ ನಿಂತಿದ್ದ. ಅವನ ಕಣ್ಣು ಭಾರದ ಮೇಲಿರಲಿಲ್ಲ, ಬೆಸುಗೆಯ ಮೇಲಿತ್ತು. ಪೆಟ್ಟಿಗೆ ನೆಲಕ್ಕೆ ತಾಗಿತು. ಹುಡುಗಿ ಇಳಿದು ಬಂದಳು. ನಾನು ಮೆಟ್ಟಿಲು ಎಣಿಸಿದೆ, ನೂರ ಹನ್ನೆರಡೇ."

*

ಡಿಸೆಂಬರ್ 2

ಅಕ್ಕಾ,

ನಿನಗೆ ಬೈಯಬೇಕೆಂದು ಹತ್ತು ದಿನ ಕಾಗದ ಹಿಡಿದು ಕೂತೆ.

ನೀನು "ಸಿಗಲಿಲ್ಲ" ಎಂದು ಬರೆದ ದಿನದಿಂದ ನಿಜ ಬರೆದ ದಿನಕ್ಕೆ ಮೂವತ್ತಾರು ದಿನ. ಅದರಲ್ಲಿ ಅವಳು ಮೂವತ್ತೊಂದು ದಿನ ಮೇಲೆ ಹತ್ತಿದ್ದಾಳೆ. ಹಾಜರಿ ಪುಸ್ತಕ ನೋಡಿ ಎಣಿಸಿದೆ. ಈ ಎಣಿಕೆ ನನ್ನ ತಲೆಯಿಂದ ಹೋಗುವುದಿಲ್ಲ, ನಿನ್ನ ತಲೆಯಿಂದಲೂ ಹೋಗದಿರಲಿ.

ಇನ್ನು ನನ್ನದು. ಮೇಲೆ ಕೂರುವವಳು ಯಾರು ಎಂದು ನಾನೂ ಮುಚ್ಚಿಟ್ಟೆ. ಬರೆದಿದ್ದರೆ ನೀನು ಅಂದೇ ಓಡಿ ಬರುತ್ತಿದ್ದೆ, ಗೊತ್ತು. ಆದರೆ ನೀನು ಸೊಸೆಗಾಗಿ ಅಲ್ಲ, ಅಲ್ಲಿ ಯಾರೋ ಒಬ್ಬರು ಕೂರುತ್ತಾರಲ್ಲ ಎಂಬುದಕ್ಕಾಗಿ ನಿಜ ಹೇಳಲಿ ಎಂದು ನನಗೊಂದು ಹಟ. ಆ ಹಟಕ್ಕೆ ಮಗಳನ್ನೇ ಮೇಲೆ ಕೂರಿಸಿಕೊಂಡು ಕಾದೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ತಪ್ಪು ಮಾಡಿದರು ಎಂದು ಅವಳನ್ನು ಕೇಳಿದೆ. "ಇಬ್ಬರೂ ಒಂದೇ ಉಕ್ಕು" ಎಂದು ಹೇಳಿ ಎದ್ದುಹೋದಳು. ಈಗ ಊಟಕ್ಕೆ ಜೊತೆ ಕೂರದವಳು ಅವಳು.

ಬಿರುಕಿದ್ದ ಬೆಸುಗೆಯನ್ನು ಇಡಿಯಾಗಿ ಕತ್ತರಿಸಿ ತೆಗೆದಿದ್ದೇವೆ. ಅದನ್ನು ತರುತ್ತೇನೆ. ಯಂತ್ರ ಈಗಲೂ ಎಡಕ್ಕೆ ಸ್ವಲ್ಪ ಎಳೆಯುತ್ತದೆಯಾ?

ತಮ್ಮ

*

"ಮುಂದೆ ಮೂರು ತಿಂಗಳು ಕಾಗದ ಇಲ್ಲ" ಎಂದರು ಮಾವ. "ಯಾಕೆಂದರೆ ಅವನು ರಜೆ ಹಾಕಿ ಇಲ್ಲೇ ಇದ್ದ. ಮೊದಲ ದಿನ ಇಬ್ಬರೂ ಯಂತ್ರದ ವಿಷಯ ಬಿಟ್ಟು ಒಂದು ಮಾತೂ ಆಡಲಿಲ್ಲ. ಆ ಬೋಲ್ಟು ಕೊಡು, ಈ ಬೋಲ್ಟು ಬಿಗಿ ಮಾಡು, ಇಷ್ಟೇ. ತುಂಡನ್ನ ಐಸಿನ ತೊಟ್ಟಿಯಲ್ಲಿ ಇಟ್ಟು ಆರು ಡಿಗ್ರಿಗೆ ತಂದರು. ಎಳೆದರು. ದೊಡ್ಡಮ್ಮ ದಿನಾ ಎತ್ತುತ್ತಿದ್ದ ಭಾರಕ್ಕೆ ಎಷ್ಟು ಎಳೆತ ಬೀಳುತ್ತೆ ಅಂತ ಲೆಕ್ಕ ಇತ್ತಲ್ಲ, ಅದನ್ನ ಮುಟ್ಟೋಕೆ ಮುಂಚೆನೇ ಪಟ್ ಅಂತು. ಹಜಾರದ ಆ ಕೊನೆಯಲ್ಲಿದ್ದ ನಾನು ಬೆಚ್ಚಿಬಿದ್ದೆ. ಮುರಿದ ಮುಖ ಸಕ್ಕರೆ ಹಾಗೆ ಹೊಳೀತಿತ್ತು.

"ಇನ್ನೂ ಎಷ್ಟು ದಿನ ತಡೀತಿತ್ತು ಅಂತ ಯಾರೂ ಕೇಳಲಿಲ್ಲ. ಮೇಡಂ ಆ ತುಂಡು ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ತಮ್ಮ ಹೋಗಿ ಕಿಟಕಿ ತೆಗೆದ. ಬಂದು ಕಂದು ಪುಸ್ತಕದಲ್ಲಿ ನೂರ ನಲವತ್ತೊಂದನೇ ಸಾಲು ಬರೆದ. ಆಮೇಲೆ ಅಕ್ಕನ ಪಕ್ಕ ಅದೇ ಬೆಂಚಿನ ಮೇಲೆ ಕೂತ. ಅಷ್ಟೇ ನಾನು ಕಂಡದ್ದು."

*

ಮಾರ್ಚ್ 3

ತಮ್ಮಾ,

ಸುದ್ದಿ ನೀನು ಕೇಳಿರಬಹುದು. ನಿರ್ದೇಶಕರಾದವರು ಬೇರೆಯವರು. ನೀನು ಇಲ್ಲಿದ್ದಾಗ ಹೇಳಿರಲಿಲ್ಲ, ಡಿಸೆಂಬರಿನ ಸಂದರ್ಶನದಲ್ಲಿ ಆ ಪ್ರಬಂಧವನ್ನು ಪಟ್ಟಿಯಿಂದ ತೆಗೆದುಬಿಡಿ ಎಂದು ನಾನೇ ಹೇಳಿದೆ. ಒಬ್ಬರು ಪೆನ್ಸಿಲ್ಲಿನಿಂದ ಆ ಸಾಲು ಹೊಡೆದು ಮತ್ತೆ ಕೂಡಿಸಿದರು. ಅವರು ಕೂಡಿಸುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಎದೆಯಲ್ಲಿ ಏನೂ ಆಗಲಿಲ್ಲ ಎಂದರೆ ಇನ್ನೊಂದು ಸುಳ್ಳು ಬರೆದ ಹಾಗೆ. ಆಯಿತು. ಮನೆಗೆ ಬಂದು ಅತ್ತುಬಿಟ್ಟೆ.

ತಿದ್ದುಪಡಿ ಮೊನ್ನೆ ಅಚ್ಚಾಗಿದೆ. ಎರಡೇ ಪುಟ. ನಮ್ಮಿಬ್ಬರ ಹೆಸರಿದೆ, ನಿನ್ನದು ಮೊದಲು. "ಯಾರಿವರು, ಯಾವ ಸಂಸ್ಥೆ?" ಎಂದು ಸಂಪಾದಕರು ಕೇಳಿದರು. ನದಿ ಬಂದರು, ತಪಾಸಣೆ ವಿಭಾಗ ಎಂದು ಬರೆದುಕೊಟ್ಟೆ. ಹದಿನೆಂಟು ವರ್ಷ ತಡವಾಯಿತು.

ಗುಬ್ಬಿ ಕೇಳಿದ್ದ ಸಹಿ ಇದರ ಜೊತೆಗಿದೆ. ಹಳೆಯ ಪ್ರಬಂಧದ ಮೇಲೆ ಹಾಕಲಿಲ್ಲ, ಈ ಎರಡು ಪುಟದ ಮೇಲೆ ಹಾಕಿದ್ದೇನೆ. ಅವಳು ಈಗ ಯಾರ ಜೊತೆ ಊಟಕ್ಕೆ ಕೂರುತ್ತಾಳೆ?

ಅಕ್ಕ

*

ಮಾರ್ಚ್ 11

ಅಕ್ಕಾ,

ನನ್ನ ಜೊತೆಗೇ. ಹೋದ ಭಾನುವಾರದಿಂದ. ಮುಂದಿನ ತಿಂಗಳು ನೀನು ಬಂದರೆ ಮೂರನೇ ತಟ್ಟೆ ಹಾಕುತ್ತಾಳಂತೆ. ಆದರೆ ಮೊದಲು ನಿನ್ನನ್ನು ನೂರ ಹನ್ನೆರಡು ಮೆಟ್ಟಿಲು ಹತ್ತಿಸಿ, ಆಮೇಲೆ ಊಟವಂತೆ. ಹೊಸ ಬೆಸುಗೆ ನಾನೇ ನೋಡಿದ್ದೇನೆ, ಹೆದರಬೇಡ.

ಗೋಡೆಯ ಮೇಲಿನ ಹಾಳೆ ಕಿತ್ತುಹಾಕಿ ಮೇಲ್ವಿಚಾರಕರು ಅಲ್ಲಿ ಪಾದರಸದ ಕೊಳವೆ ತೂಗುಹಾಕಿದ್ದಾರೆ. ನನ್ನ ಕೋಟು ಈಗ ಬೇರೆ ಮೊಳೆಗೆ.

ತಮ್ಮ

*

ಮಾವ ಪತ್ರಗಳಿಗೆ ದಾರ ಕಟ್ಟಿದರು. ಚಹಾ ತಣ್ಣಗಾಗಿತ್ತು.

"ಆ ಎರಡು ಪುಟ ಬಂದು ಎರಡು ವರ್ಷ ಆಯ್ತು. ಅದನ್ನ ಉಲ್ಲೇಖ ಮಾಡಿದೋರು ಇಪ್ಪತ್ಮೂರು ಜನ. ಹಳೇದಕ್ಕೆ ಆಗ ಸಾವಿರದ ನಾನೂರು ಚಿಲ್ಲರೆ ಇತ್ತಾ, ಈಗ ಸಾವಿರದ ಆರುನೂರ ಎಂಬತ್ತೆಂಟು. ಹಿಂದಕ್ಕೆ ತಗೊಂಡಿದೀನಿ ಅಂತ ಬರೆದವರೇ ಹೇಳಿದ ಮೇಲೂ ಏರ್ತಾನೇ ಇದೆ. ಮೇಡಂ ಪ್ರತಿ ತಿಂಗಳು ಹೊಸ ಪಟ್ಟಿ ತೆಗೆದು, ಹಳೇದನ್ನ ಹೆಸರಿಸಿದ ಒಬ್ಬೊಬ್ಬರಿಗೂ ಕಾಗದ ಬರೀತಾರೆ. ಲಕೋಟೆ ಅಂಟಿಸೋನು ನಾನು." ಅವರು ನಮ್ಮ ಕಡೆ ನೋಡಿದರು. "ನಿಮ್ಮಲ್ಲಿ ಯಾರಾದರೂ...?"

ಸೇರುವಾಗ ಕೊಟ್ಟ ಬರವಣಿಗೆಯಲ್ಲಿ ನಮ್ಮಲ್ಲಿ ಏಳು ಜನ ಆ ಪ್ರಬಂಧವನ್ನು ಹೆಸರಿಸಿದ್ದೆವು. ಅದನ್ನು ಪೂರ್ತಿ ಓದಿದ್ದವರು ಇಬ್ಬರು. ಆ ಏಳರಲ್ಲಿ ನಾನಿದ್ದೆ, ಇಬ್ಬರಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಯಾರೂ ಯಾರಿಗೂ ಹೇಳದೆ ಹನ್ನೊಂದು ಜನವೂ ಅರ್ಧ ಗಂಟೆ ಮುಂಚೆ ಹಜಾರಕ್ಕೆ ಬಂದೆವು. ಚೀಲ ಇಳಿಸದೆ ನೇರ ಯಂತ್ರದ ಹಿಂದಕ್ಕೆ ಹೋಗಿ, ಒಬ್ಬೊಬ್ಬರಾಗಿ ಗೋಡೆಗೆ ಅಂಗೈ ಇಟ್ಟು ನೋಡಿದೆವು. ಬೆಚ್ಚಗಿತ್ತು. ಆಚೆ ಬಾಯ್ಲರು ಗುನುಗುತ್ತಿತ್ತು. ಒಂಬತ್ತು ಉಲ್ಲೇಖದವಳು ಮೊಳೆಯಲ್ಲಿದ್ದ ಪಾದರಸ ನೋಡಿ ಅಂಕಿ ಹೇಳಿದಳು. ನಾಲ್ಕರವನು ತನ್ನ ಹೊಸ ಪುಸ್ತಕ ತೆರೆದು, ಹೆಸರು ಬರೆಯುವುದಕ್ಕೂ ಮೊದಲು, ಮೊದಲ ಹಾಳೆಯ ಮೊದಲ ಸಾಲಿನಲ್ಲಿ ಅದನ್ನು ಬರೆದುಕೊಂಡ: ಮೂವತ್ತೊಂದೂವರೆ.